ಸೂರ್ಯ ಮುಳುಗಿದ ಮೇಲೆ ಕರೆಂಟ್ ಎಲ್ಲಿಂದ ಬರುತ್ತದೆ?

ನಮ್ಮ ದೇಶದ ವಿದ್ಯುತ್ ಕೇಂದ್ರಗಳ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ. ಅದು ಅರ್ಥವಾದರೆ ಉಳಿದವು ಸುಲಭ.

ಪ್ರಶ್ನೆ: ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲಗಳದ್ದು ಎಂದು ಓದಿದೆ. ಇನ್ನೊಂದು ಕಡೆ, ನಾವು ಬಳಸುವ ಕರೆಂಟಿನಲ್ಲಿ ಮುಕ್ಕಾಲು ಪಾಲು ಕಲ್ಲಿದ್ದಲಿನದ್ದು ಎಂದಿತ್ತು. ಯಾವುದು ಸರಿ? (ಪದವಿ ವಿದ್ಯಾರ್ಥಿನಿ, ಗದಗ)

ಎರಡೂ ಸರಿ. ಮೊದಲನೆಯದು ಮೆಗಾವ್ಯಾಟ್ ಲೆಕ್ಕ, ಅಂದರೆ ಕೇಂದ್ರಗಳು ಒಮ್ಮೆಗೆ ಎಷ್ಟು ಕೊಡಬಲ್ಲವು ಎಂಬುದು. ಎರಡನೆಯದು ಯೂನಿಟ್ ಲೆಕ್ಕ, ಅಂದರೆ ನಿಜವಾಗಿ ಎಷ್ಟು ಕೊಟ್ಟವು ಎಂಬುದು.

2025ರ ಜೂನ್ ಕೊನೆಗೆ ದೇಶದ ಎಲ್ಲ ಕೇಂದ್ರಗಳ ಸಾಮರ್ಥ್ಯ ಸೇರಿ ಸುಮಾರು 4.85 ಲಕ್ಷ ಮೆಗಾವ್ಯಾಟ್ ಇತ್ತು. ಅದರಲ್ಲಿ ಅರ್ಧ ಸೌರ, ಗಾಳಿ, ನೀರು, ಅಣು ಮುಂತಾದವುಗಳದ್ದು. 2030ಕ್ಕೆ ಮುಟ್ಟುತ್ತೇವೆ ಎಂದು ಭಾರತ ಹೇಳಿದ್ದ ಗುರಿ ಇದು. ಐದು ವರ್ಷ ಮೊದಲೇ ಮುಟ್ಟಿದೆ. 2014ರಲ್ಲಿ ನಮ್ಮ ಸೌರ ಸಾಮರ್ಥ್ಯ 3 ಸಾವಿರ ಮೆಗಾವ್ಯಾಟ್ ಕೂಡ ಇರಲಿಲ್ಲ. 2025ರ ಜನವರಿಯಲ್ಲಿ ಅದು 1 ಲಕ್ಷ ದಾಟಿತು. ಇದು ಸಣ್ಣ ಸಾಧನೆಯಲ್ಲ.

ಈಗ ಯೂನಿಟ್ ಲೆಕ್ಕಕ್ಕೆ ಬನ್ನಿ. 1 ಮೆಗಾವ್ಯಾಟ್‌ನ ಘಟಕ ಒಂದು ಗಂಟೆ ಪೂರ್ತಿ ಓಡಿದರೆ 1000 ಯೂನಿಟ್. ದಿನವಿಡೀ ಓಡಿದರೆ 24,000 ಯೂನಿಟ್. ಆದರೆ ಸೌರ ಫಲಕಕ್ಕೆ ರಾತ್ರಿ ಕೆಲಸವಿಲ್ಲ. ಬೆಳಗ್ಗೆ, ಸಂಜೆ ಅರೆಕೆಲಸ. ಹಾಗಾಗಿ 1 ಮೆಗಾವ್ಯಾಟ್ ಸೌರ ಘಟಕ ದಿನಕ್ಕೆ ಹೆಚ್ಚುಕಡಿಮೆ 5,000 ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ ರಿಪೇರಿ, ನಿಲುಗಡೆ ಎಲ್ಲ ಕಳೆದು 16,000 ಯೂನಿಟ್ ಆಸುಪಾಸು ಕೊಡುತ್ತದೆ. ಅಣು ಘಟಕ ಇನ್ನೂ ಜಾಸ್ತಿ, 20,000ದ ಹತ್ತಿರ. ಹೀಗಾಗಿ ಮೆಗಾವ್ಯಾಟ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಇರುವ ಕಲ್ಲಿದ್ದಲು, ಯೂನಿಟ್‌ನಲ್ಲಿ ಮುಕ್ಕಾಲು ಪಾಲು ಆಗಿಬಿಡುತ್ತದೆ.

ಸಾಮರ್ಥ್ಯ ಇದ್ದೂ ಓಡದ ಕೇಂದ್ರಗಳೂ ಇವೆ. ಗ್ಯಾಸ್ ಕೇಂದ್ರಗಳನ್ನೇ ನೋಡಿ. ದೇಶದೊಳಗಿನ ಗ್ಯಾಸ್ ಸಾಲುವುದಿಲ್ಲ, ಹೊರಗಿನಿಂದ ತರಿಸಿದರೆ ದುಬಾರಿ. ಆದ್ದರಿಂದ ಅವುಗಳಲ್ಲಿ ಬಹುಪಾಲು ವರ್ಷದ ಹೆಚ್ಚಿನ ದಿನ ಸುಮ್ನೆ ನಿಂತಿರುತ್ತವೆ.

ಇನ್ನು ಗಡಿಯಾರದ ವಿಷಯ. ನಿಜವಾದ ಕಷ್ಟ ಇರುವುದು ಇಲ್ಲಿ. 2024ರ ಮೇ 30ರಂದು ದೇಶದ ಬೇಡಿಕೆ 2.5 ಲಕ್ಷ ಮೆಗಾವ್ಯಾಟ್ ಮುಟ್ಟಿತು. ಅಲ್ಲಿಯವರೆಗಿನ ದಾಖಲೆ ಅದು. ಆದರೆ ಆ ಗಳಿಗೆ ಬಂದದ್ದು ಮಧ್ಯಾಹ್ನ. ಬಿಸಿಲು ಜೋರಿದ್ದರಿಂದ ಸೌರ ವಿದ್ಯುತ್ ಕೈಹಿಡಿಯಿತು. ಅದೇ ಬೇಸಿಗೆಯ ರಾತ್ರಿ ಎಂಟು, ಒಂಬತ್ತು ಗಂಟೆಯನ್ನು ಯೋಚಿಸಿ. ಮನೆಗಳಲ್ಲಿ ದೀಪ, ಫ್ಯಾನ್, ಎಸಿ, ಟಿವಿ ಎಲ್ಲ ಓಡುತ್ತಿರುತ್ತವೆ. ಸೌರ ಮಾತ್ರ ಸೊನ್ನೆ.

ಸಂಜೆ ಐದರಿಂದ ಏಳರೊಳಗೆ ಈ ಬದಲಾವಣೆ ನಡೆದುಹೋಗುತ್ತದೆ. ಕಲ್ಲಿದ್ದಲು ಘಟಕವನ್ನು ಬೆಳಗ್ಗೆ ಆರಿಸಿ ಸಂಜೆ ಹಚ್ಚಲು ಆಗುವುದಿಲ್ಲ. ತಣ್ಣಗಾದ ಬಾಯ್ಲರ್ ಮತ್ತೆ ಕಾದು ಹದಕ್ಕೆ ಬರಲು ಎಷ್ಟೋ ಗಂಟೆ ಬೇಕು. ಅವಸರ ಮಾಡಿದರೆ ದಪ್ಪ ಉಕ್ಕಿನ ಭಾಗಗಳು ಒಂದೇ ಸಮ ಹಿಗ್ಗದೆ ಬಿರುಕು ಬಿಡುತ್ತವೆ. ಹಾಗಾಗಿ ಮಧ್ಯಾಹ್ನ ಅದನ್ನು ನಿಲ್ಲಿಸದೆ, ಉತ್ಪಾದನೆ ಇಳಿಸಿ ಉರಿಸುತ್ತಾರೆ. ಪೂರ್ತಿ ಸಾಮರ್ಥ್ಯದ ಶೇ 55ರವರೆಗೆ ಇಳಿಸಲು ಘಟಕಗಳು ಸಿದ್ಧವಿರಬೇಕು ಎಂಬುದು ಈಗಿನ ನಿಯಮ. ಸಂಜೆಯಾದಂತೆ ಮತ್ತೆ ಏರಿಸುತ್ತಾರೆ. ರಾಯಚೂರಿನ ಆರ್‌ಟಿಪಿಎಸ್‌ನಂಥ ಹಳೆಯ ಕಲ್ಲಿದ್ದಲು ಕೇಂದ್ರಗಳನ್ನು ಕಟ್ಟಿದ್ದು ಹಗಲು ರಾತ್ರಿ ಒಂದೇ ಸಮ ಓಡಲಿ ಎಂದು. ದಿನಾ ಏರಿಳಿತ ಅವುಗಳ ಆಯುಷ್ಯ ಕಡಿಮೆ ಮಾಡುತ್ತದೆ.

ಮುಂದೆ ಇಂಥ ಸುದ್ದಿ ಕಂಡಾಗ ಎರಡು ವಿಷಯ ನೋಡಿ: ವರ್ಷಕ್ಕೆ ಎಷ್ಟು ಯೂನಿಟ್, ಮತ್ತು ದಿನದ ಯಾವ ಹೊತ್ತಿನಲ್ಲಿ. ಪತ್ರಿಕೆಗಳೂ ಮೆಗಾವ್ಯಾಟ್ ಜೊತೆ ಇವೆರಡನ್ನೂ ಬರೆಯಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ನಮ್ಮೂರ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು. ಆದರೂ ನಮಗೇ ಕರೆಂಟ್ ಹೋಗುತ್ತದೆ. ಅಲ್ಲಿ ಹುಟ್ಟಿದ್ದು ಎಲ್ಲಿಗೆ ಹೋಗುತ್ತದೆ? (ರೈತರು, ಚಳ್ಳಕೆರೆ)

ನಿಮ್ಮ ಬೇಸರ ನ್ಯಾಯವಾದದ್ದೇ. ಆ ಯಂತ್ರಗಳ ಕರೆಂಟ್ ನೇರವಾಗಿ ನಿಮ್ಮೂರಿಗೆ ಇಳಿಯುವುದಿಲ್ಲ. ವೋಲ್ಟೇಜ್ ಏರಿಸಿ ದೊಡ್ಡ ಲೈನಿಗೆ ಸೇರಿಸುತ್ತಾರೆ. ಅಲ್ಲಿಂದ ಅದು ದೇಶದ ಗ್ರಿಡ್‌ನಲ್ಲಿ, ಅಂದರೆ ಕೇಂದ್ರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಜಾಲದಲ್ಲಿ, ಬೆರೆತುಹೋಗುತ್ತದೆ. ನಿಮ್ಮ ಮೋಟಾರಿಗೆ ಬರುವುದು ಆ ಬೆರೆತ ಕರೆಂಟು. ಅದರಲ್ಲಿ ಇದು ಗಾಳಿಯದ್ದು, ಇದು ಕಲ್ಲಿದ್ದಲಿನದ್ದು ಎಂದು ಬೇರೆ ಮಾಡಲು ಆಗದು.

ದಕ್ಷಿಣದ ಗ್ರಿಡ್ ಬಹಳ ಕಾಲ ಪ್ರತ್ಯೇಕವಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನ್ ಮೂಲಕ ಅದು ಉಳಿದ ದೇಶದ ಜೊತೆ ಕೂಡಿಕೊಂಡಿತು. ಅದಕ್ಕೂ ಮೊದಲು, 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿದಾಗ ನಾವು ಪಾರಾಗಿದ್ದೆವು. ಬೇರೆಯಾಗಿದ್ದದ್ದೇ ಅದಕ್ಕೆ ಕಾರಣ. ಹಾಗಾದರೆ ಕೂಡಿಕೊಂಡದ್ದು ತಪ್ಪಾ? ಅಲ್ಲ ಎನ್ನುತ್ತೇನೆ. ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಮಧ್ಯಾಹ್ನ ಇಲ್ಲಿ ಹೆಚ್ಚಾದದ್ದನ್ನು ಬೇರೆ ರಾಜ್ಯಕ್ಕೆ ಮಾರಬಹುದು. ಕೊರತೆಯಾದ ಸಂಜೆ ಅಲ್ಲಿಂದ ಕೊಳ್ಳಬಹುದು. ಮುಂಗಾರಿನಲ್ಲಿ ಮೋಡ ಕವಿದು ಸೌರ ತಗ್ಗಿದಾಗ ನಿಮ್ಮ ಕಡೆಯ ಗಾಳಿಯಂತ್ರಗಳು ಜೋರಾಗಿ ಓಡುತ್ತವೆ. ಒಂದಕ್ಕೊಂದು ಆಸರೆ.

ಇನ್ನು ಊರಲ್ಲಿ ಕರೆಂಟ್ ಹೋಗುವುದಕ್ಕೆ ಎಷ್ಟೋ ಸಲ ಉತ್ಪಾದನೆಯ ಕೊರತೆ ಕಾರಣವೇ ಅಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಜಾಸ್ತಿ, ಲೈನಿನ ಮೇಲೆ ಕೊಂಬೆ, ಹಳೆಯ ತಂತಿ. ಪಂಪ್‌ಸೆಟ್‌ಗಳ ವಿಷಯದಲ್ಲಿ ಮಾತ್ರ ಸೌರ ವಿದ್ಯುತ್ತಿನ ಲಾಭ ರೈತರಿಗೆ ನೇರವಾಗಿ ಸಿಗಬಹುದು. ಪಂಪ್‌ಸೆಟ್‌ಗೆ ಬೇಕಾದ ತ್ರೀ ಫೇಸ್ ಕರೆಂಟನ್ನು ಹಗಲು ಹೊತ್ತಿನಲ್ಲೇ ಕೊಟ್ಟರೆ ಮಧ್ಯಾಹ್ನದ ಸೌರ ವ್ಯರ್ಥವಾಗುವುದಿಲ್ಲ. ರಾತ್ರಿ ಹಾವು, ಚೇಳುಗಳ ಭಯದಲ್ಲಿ ನೀವು ಹೊಲಕ್ಕೆ ಹೋಗುವುದೂ ತಪ್ಪುತ್ತದೆ. ಇದನ್ನು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಊರವರೆಲ್ಲ ಸೇರಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಲಿಂಗನಮಕ್ಕಿ ತುಂಬಿದೆ. ಶರಾವತಿಯ ಕರೆಂಟ್ ಎಲ್ಲಕ್ಕಿಂತ ಅಗ್ಗ ಎನ್ನುತ್ತಾರೆ. ಹಾಗಿದ್ದರೆ ಎಲ್ಲ ಘಟಕಗಳನ್ನೂ ಹಗಲು ರಾತ್ರಿ ಓಡಿಸಬಾರದೇಕೆ? (ನಿವೃತ್ತ ಶಿಕ್ಷಕರು, ಸಾಗರ)

ಹಾಗೆ ಓಡಿಸಿದರೆ ಬೇಸಿಗೆಗೆ ನೀರು ಉಳಿಯುವುದಿಲ್ಲ ಸರ್. ಮಳೆ ಬರುವುದು ನಾಲ್ಕು ತಿಂಗಳು. ಆ ನೀರು ಮುಂದಿನ ಜೂನ್‌ವರೆಗೆ ಬರಬೇಕು. ಶರಾವತಿ ಕೇಂದ್ರದಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಘಟಕಗಳಿವೆ, ಒಟ್ಟು 1,035 ಮೆಗಾವ್ಯಾಟ್. ಅಷ್ಟನ್ನೂ ಕಟ್ಟಿದ್ದು ಬೇಕಾದ ಹೊತ್ತಿನಲ್ಲಿ ಒಮ್ಮೆಲೇ ಓಡಿಸಲು.

ಮೇಲೆ ಹೇಳಿದ ಸಂಜೆಯ ಕಷ್ಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಕವಾಟ ತೆರೆದ ಕೆಲವೇ ನಿಮಿಷದಲ್ಲಿ ಟರ್ಬೈನ್ ಪೂರ್ತಿ ಕರೆಂಟ್ ಕೊಡುತ್ತದೆ, ಬೇಡವಾದಾಗ ಅಷ್ಟೇ ಬೇಗ ನಿಲ್ಲುತ್ತದೆ. ಅಂಥ ನೀರನ್ನು ಬಿಸಿಲಿರುವ ಮಧ್ಯಾಹ್ನ ಹರಿಸಿ ಕಳೆಯುವುದು ಜಾಣತನವಲ್ಲ, ಅಲ್ವಾ? 2023ರಲ್ಲಿ ಮಳೆ ಕೈಕೊಟ್ಟಾಗ ಇದರ ಬೆಲೆ ಗೊತ್ತಾಯಿತು. ಜಲಾಶಯಗಳಲ್ಲಿ ನೀರಿಲ್ಲ, ಒಣಗುವ ಬೆಳೆಗೆ ಪಂಪ್‌ಸೆಟ್‌ಗಳ ಬೇಡಿಕೆ ಮಾತ್ರ ವಿಪರೀತ. ರಾಜ್ಯದ ಖಾಸಗಿ ಕೇಂದ್ರಗಳು ಹೊರಗೆ ಮಾರದೆ ಇಲ್ಲಿಗೇ ವಿದ್ಯುತ್ ಕೊಡಬೇಕು ಎಂದು ಸರ್ಕಾರ ಆದೇಶಿಸಬೇಕಾಯಿತು.

ನಿಮ್ಮ ಪತ್ರದಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆಯೂ ಕೇಳಿದ್ದೀರಿ. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವ ಯೋಜನೆ ಅದು. ನೀರೆತ್ತಲು ಬಳಸಿದ ಪ್ರತಿ 100 ಯೂನಿಟ್‌ಗೆ ವಾಪಸ್ ಸಿಗುವುದು 75ರಿಂದ 80. ಆ ನಷ್ಟ ತಡೆದುಕೊಳ್ಳಬಹುದು. ಸಂಜೆಗೆ ಕರೆಂಟ್ ಕೂಡಿಡುವ ವ್ಯವಸ್ಥೆ ನಮಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಗ ಅದಲ್ಲ. ಸಿಂಗಳೀಕಗಳಿಗೆಂದೇ ಕಾಯ್ದಿಟ್ಟ ಶರಾವತಿ ಕಣಿವೆಯ ಕಾಡು ಒಮ್ಮೆ ತುಂಡಾದರೆ ಮತ್ತೆ ಕೂಡುವುದಿಲ್ಲ. ಆಂಧ್ರದ ಕರ್ನೂಲು ಕಡೆ ಪಿನ್ನಾಪುರಂನಲ್ಲಿ ನದಿಯ ಹರಿವಿಗೆ ಅಡ್ಡ ಕಟ್ಟದೆ, ಬೇರೆಯೇ ಜಲಾಶಯ ಮಾಡಿ ಇದೇ ಕೆಲಸ ಮಾಡುತ್ತಿದ್ದಾರೆ. ನಮ್ಮ ಬಯಲುಸೀಮೆಯಲ್ಲೂ ಕಲ್ಲುಗುಡ್ಡಗಳಿವೆ. ಬ್ಯಾಟರಿಯ ಬೆಲೆಯೂ ಇಳಿಯುತ್ತಿದೆ. ಮೊದಲು ಅವನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಕೈಗಾದಂಥ ಅಣು ಕೇಂದ್ರ ಸಂಜೆಯ ಕೊರತೆ ತುಂಬಬಹುದಾ? (ಖಾಸಗಿ ಉದ್ಯೋಗಿ, ಕಾರವಾರ)

ಸಂಜೆಗೆಂದು ಅದನ್ನು ಏರಿಸಿ ಇಳಿಸುವುದಿಲ್ಲ. ಅದರ ಗುಣ ಒಂದೇ ಸಮ ಓಡುವುದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಬರೆದಿತ್ತು. ಹಗಲು ರಾತ್ರಿ ಹೀಗೆ ಬರುವ ಕರೆಂಟ್ ಕಲ್ಲಿದ್ದಲಿನ ಜಾಗ ತುಂಬಬಲ್ಲದು. ಆದರೆ ಸದ್ಯ ದೇಶದ ವಿದ್ಯುತ್ತಿನಲ್ಲಿ ಅಣುವಿನ ಪಾಲು ಶೇ 3ರಷ್ಟು ಮಾತ್ರ. ಕಟ್ಟಲು ಬಹಳ ವರ್ಷ ಬೇಕು, ಬಂಡವಾಳವೂ ದೊಡ್ಡದು.

ಪ್ರಶ್ನೆ: ಮನೆ ಮೇಲೆ ಸೋಲಾರ್ ಹಾಕಿಸಿದ್ದೇವೆ. ಲೈನ್ ಕರೆಂಟ್ ಹೋದರೆ, ಬಿಸಿಲಿದ್ದರೂ ನಮ್ಮ ಸೋಲಾರ್ ನಿಂತುಬಿಡುತ್ತದೆ. ಹಾಳಾಗಿದೆಯಾ? (ಗೃಹಿಣಿ, ಹುಬ್ಬಳ್ಳಿ)

ಹಾಳಾಗಿಲ್ಲಮ್ಮ, ಅದು ಹಾಗೆಯೇ ಇರಬೇಕು. ನಿಮ್ಮದು ಗ್ರಿಡ್‌ಗೆ ಸೇರಿದ ಇನ್ವರ್ಟರ್ (ಫಲಕದ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ). ಲೈನ್ ಸತ್ತಿದೆ ಎಂದುಕೊಂಡು ಲೈನ್‌ಮನ್ ಕಂಬ ಹತ್ತಿರುತ್ತಾರೆ. ಆಗ ನಿಮ್ಮ ಮನೆಯಿಂದ ಕರೆಂಟ್ ಹೊರಗೆ ಹರಿದರೆ ಅವರ ಜೀವಕ್ಕೇ ಅಪಾಯ. ಅದಕ್ಕೇ ಗ್ರಿಡ್ ಹೋದ ತಕ್ಷಣ ಇನ್ವರ್ಟರ್ ತಾನೇ ನಿಲ್ಲುತ್ತದೆ. ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ಬ್ಯಾಟರಿ ಮತ್ತು ಅದರ ಜೊತೆ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಖರ್ಚು ಜಾಸ್ತಿ. ನಿಮ್ಮಲ್ಲಿ ದಿನಕ್ಕೆ ಅರ್ಧ, ಒಂದು ಗಂಟೆಯಷ್ಟೇ ಕರೆಂಟ್ ಹೋಗುತ್ತದೆ ಎಂದಾದರೆ ದೀಪ, ಫ್ಯಾನ್‌ಗೆ ಸಾಕಾಗುವ ಮಾಮೂಲಿ ಯುಪಿಎಸ್ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಆದರೆ ಅದರ ವೈರಿಂಗನ್ನು ಸೋಲಾರ್ ಹಾಕಿದವರಿಗೆ ತೋರಿಸಿಯೇ ಮಾಡಿಸಿ. ಗ್ರಿಡ್ ಇನ್ವರ್ಟರ್ ಇರುವ ಲೈನಿಗೆ ಯುಪಿಎಸ್‌ನ ಔಟ್‌ಪುಟ್ ಸೇರಬಾರದು.