ಬಲಪಂಥೀಯ ಉಗ್ರವಾದ, ಜನಾಂಗೀಯ ದ್ವೇಷ: ಎರಡೂ ಒಂದೇನಾ?

ಉಗ್ರ ಬಲಪಂಥೀಯರೆಲ್ಲ ಜನಾಂಗೀಯ ದ್ವೇಷಿಗಳೇನಾ, ದ್ವೇಷ ಇರುವವರೆಲ್ಲ ಉಗ್ರವಾದಿಗಳಾ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಹೆಚ್ಚುಕಡಿಮೆ ಹೌದು, ಎರಡನೆಯದಕ್ಕೆ ಅಲ್ಲ. ನಾನಿರುವುದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಹಾಗಾಗಿ ಇಲ್ಲಿಂದಲೇ ಶುರುವಾದ ಒಂದು ಪ್ರಕರಣ ಇಟ್ಟುಕೊಂಡು ಹೇಳ್ತೀನಿ.

2000ದ ಸೆಪ್ಟೆಂಬರ್‌ನಲ್ಲಿ ಇಲ್ಲಿ ರಸ್ತೆ ಬದಿ ವ್ಯಾನ್ ನಿಲ್ಲಿಸಿಕೊಂಡು ಹೂವು ಮಾರುತ್ತಿದ್ದ ಟರ್ಕಿ ಮೂಲದವರೊಬ್ಬರಿಗೆ ಗುಂಡು ಹಾರಿಸಿ ಕೊಂದರು. 2006ರ ಏಪ್ರಿಲ್ ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿ ಇನ್ನೂ ಎಂಟು ಜನ ಸತ್ತಿದ್ದರು. ಒಬ್ಬರು ಬಟ್ಟೆ ಹೊಲಿಯುವವರು, ಒಬ್ಬರು ತರಕಾರಿ ಅಂಗಡಿಯವರು, ಒಬ್ಬರು ಬೀಗ-ಕೀಲಿ ರಿಪೇರಿಯವರು. ಒಂಬತ್ತು ಜನರಲ್ಲಿ ಎಂಟು ಜನ ಟರ್ಕಿ ಮೂಲದವರು, ಒಬ್ಬರು ಗ್ರೀಕ್. ಎಲ್ಲ ಕಡೆಯೂ ಬಳಸಿದ್ದು ಚೆಸ್ಕಾ ಎಂಬ ಹೆಸರಿನ ಅದೇ ಒಂದು ಪಿಸ್ತೂಲು.

ಪೊಲೀಸರು ಏನು ಮಾಡಿದರು ಗೊತ್ತಾ? ಸತ್ತವರ ಮನೆಯವರನ್ನೇ ಅನುಮಾನಿಸಿದರು. ಡ್ರಗ್ಸ್ ಇರಬೇಕು, ಮಾಫಿಯಾ ಇರಬೇಕು, ಮನೆಯೊಳಗಿನ ಜಗಳ ಇರಬೇಕು. ಹೂವಿನವರ ಹೆಂಡತಿಗೆ ಯಾವುದೋ ಹೊಂಬಣ್ಣದ ಕೂದಲಿನ ಹೆಂಗಸಿನ ಫೋಟೋ ತೋರಿಸಿ, ನಿಮ್ಮ ಗಂಡ ಇವಳ ಜೊತೆ ಇನ್ನೊಂದು ಸಂಸಾರ ಮಾಡಿಕೊಂಡಿದ್ದ ಎಂದರು. ಅದು ಪೂರ್ತಿ ಕಟ್ಟುಕಥೆ. ಆಕೆ ಬಾಯಿ ಬಿಡಲಿ ಅಂತ ಹೂಡಿದ ಆಟ. ಮಾಫಿಯಾ ಹಿಡಿಯುತ್ತೇವೆಂದು ಪೊಲೀಸರೇ ಕಬಾಬ್ ಅಂಗಡಿ ಇಟ್ಟು ಕೂತಿದ್ದೂ ಉಂಟು! 2007ರ ಒಂದು ಪೊಲೀಸ್ ವರದಿಯಂತೂ, ನಮ್ಮ ಸಂಸ್ಕೃತಿಯಲ್ಲಿ ಕೊಲೆ ನಿಷಿದ್ಧ, ಆದ್ದರಿಂದ ಕೊಲೆಗಾರ ಹೊರಗಿನವನೇ ಇರಬೇಕು ಎಂಬ ಅರ್ಥ ಬರುವಂತೆ ಬರೆಯಿತು. ಹಿಟ್ಲರ್ ಆಳಿದ ದೇಶದಲ್ಲಿ ಕೂತು ಬರೆದ ಮಾತು ಇದು. ಪತ್ರಿಕೆಗಳು ಇವನ್ನು 'ಡ್ಯೋನರ್ ಕೊಲೆಗಳು' ಎಂದು ಕರೆದವು (ಡ್ಯೋನರ್ ಅಂದರೆ ಟರ್ಕಿಯ ಒಂದು ಕಬಾಬ್), ಸತ್ತಿದ್ದು ಮನುಷ್ಯರಲ್ಲ, ಕಬಾಬ್ ಅನ್ನೋ ಹಾಗೆ.

ಇದು ಹೊರಗಿನಿಂದ ಬಂದವರ ಮೇಲಿನ ದ್ವೇಷದ ಕೊಲೆ ಎಂಬ ಅನುಮಾನ ಸತ್ತವರ ಮನೆಯವರಿಗೆ ಮಾತ್ರ ಇತ್ತು. 2006ರಲ್ಲೇ ಕಾಸೆಲ್ ಊರಲ್ಲಿ ಮೆರವಣಿಗೆ ಮಾಡಿ 'ಹತ್ತನೇ ಬಲಿ ಬೇಡ' ಎಂದು ಕೂಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಹತ್ತನೆಯವರೂ ಸತ್ತರು. ಆಕೆ ಜರ್ಮನ್ ಪೊಲೀಸ್ ಅಧಿಕಾರಿ.

ನಿಜ ಹೊರಬಿದ್ದದ್ದು 2011ರ ನವೆಂಬರ್‌ನಲ್ಲಿ, ಅದೂ ತನಿಖೆಯಿಂದಲ್ಲ. ಐಸೆನಾಖ್‌ನಲ್ಲಿ ಬ್ಯಾಂಕ್ ದೋಚಿ ಸಿಕ್ಕಿಬೀಳುವ ಹಂತದಲ್ಲಿದ್ದ ಇಬ್ಬರು ತಮ್ಮ ಕ್ಯಾಂಪರ್ ವ್ಯಾನ್‌ನಲ್ಲೇ ಸತ್ತರು. ಆ ಕೊಲೆಗಳನ್ನೆಲ್ಲ ಮಾಡಿದ್ದು ಇವರೇ. ಇವರು ಯೇನಾ ಊರಿನ ನವ-ನಾಜಿಗಳು, ಅಂದರೆ ಹಿಟ್ಲರನ ಸಿದ್ಧಾಂತವನ್ನು ಈಗಲೂ ನಂಬುವವರು. ಗುಂಪಿನ ಹೆಸರು ಎನ್‌ಎಸ್‌ಯು (ನ್ಯಾಷನಲ್ ಸೋಷಲಿಸ್ಟ್ ಅಂಡರ್‌ಗ್ರೌಂಡ್). 1998ರಲ್ಲೇ ಇವರ ಗ್ಯಾರೇಜಿನಲ್ಲಿ ಪೈಪ್ ಬಾಂಬ್ ಸಿಕ್ಕಿತ್ತು, ಆಗಲೇ ತಲೆಮರೆಸಿಕೊಂಡಿದ್ದರು. ವಿಷಯ ಬಯಲಾದ ಮೇಲೆ ಗುಪ್ತಚರ ಇಲಾಖೆಯಲ್ಲಿ ಸಂಬಂಧಪಟ್ಟ ಕಡತಗಳನ್ನೇ ಯಂತ್ರಕ್ಕೆ ಹಾಕಿ ಚೂರು ಮಾಡಿದರು. ಮುಖ್ಯಸ್ಥರು ಹುದ್ದೆ ಬಿಡಬೇಕಾಯ್ತು.

ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಗುಂಡು ಹಾರಿಸಿದವರು ಉಗ್ರವಾದಿಗಳು. ದೇಶ ಒಂದೇ ರಕ್ತದವರದ್ದು, ಉಳಿದವರನ್ನು ಓಡಿಸಬೇಕು ಅನ್ನುವುದೇ ಅವರ ಸಿದ್ಧಾಂತ. ಆದರೆ ಆ ಪೊಲೀಸರು, ಪತ್ರಕರ್ತರು ಯಾವ ನಾಜಿ ಗುಂಪಿಗೂ ಸೇರಿದವರಲ್ಲ. 'ಟರ್ಕಿಯವನಾ? ಏನೋ ಮಾಡಿಕೊಂಡಿರ್ತಾನೆ ಬಿಡಿ' ಅನ್ನೋ ಮಾಮೂಲಿ ಪೂರ್ವಗ್ರಹ, ಅಷ್ಟೇ. ಆ ಕೊಲೆಗಾರರು ಇಷ್ಟು ವರ್ಷ ಬಚಾವಾಗಿದ್ದು ಇದರ ಮರೆಯಲ್ಲೇ.

ಸಿದ್ಧಾಂತವೇ ಇಲ್ಲದ ದ್ವೇಷಕ್ಕೆ ಬೆಂಗಳೂರೇ ಸಾಕು. 2016ರಲ್ಲಿ ಹೆಸರಘಟ್ಟದ ಕಡೆ ಸುಡಾನ್‌ನವನೊಬ್ಬನ ಕಾರು ಗುದ್ದಿ ಮಹಿಳೆಯೊಬ್ಬರು ಸತ್ತರು. ಗುಂಪು ಬಿದ್ದಿದ್ದು ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಅಲ್ಲಿದ್ದವರು ಯಾವ ಪ್ರಣಾಳಿಕೆ ಓದಿಕೊಂಡು ಬಂದಿದ್ದರು ಹೇಳಿ?

ಉಗ್ರವಾದಿಗಳು ಬಿಳಿಯರನ್ನೂ ಕೊಲ್ಲುತ್ತಾರಲ್ವಾ ಎನ್ನಬಹುದು. ಕೊಲ್ಲುತ್ತಾರೆ. 2019ರಲ್ಲಿ ವಾಲ್ಟರ್ ಲ್ಯುಬ್ಕೆ ಎಂಬ ಜರ್ಮನ್ ರಾಜಕಾರಣಿಯನ್ನು ಅವರ ಮನೆಯ ವರಾಂಡದಲ್ಲೇ ಕೊಂದರು. ಆದರೆ ಯಾಕೆ ಅಂತ ನೋಡಿ: ಅವರು ನಿರಾಶ್ರಿತರ ಪರ ಮಾತಾಡಿದ್ದರು.

ಇದೆಲ್ಲ ನಾಲ್ಕು ಹುಚ್ಚರ ಕೆಲಸ ಅನ್ನುವವರಿಗೆ ಒಂದು ಮಾತು. 2018ರ ಜುಲೈ 11ರಂದು ಮ್ಯೂನಿಕ್ ಕೋರ್ಟು ಎನ್‌ಎಸ್‌ಯುನಲ್ಲಿ ಬದುಕುಳಿದಿದ್ದ ಬಿಯಾಟೆ ಷೆಪೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನೆರವಾದವನೊಬ್ಬನಿಗೆ ಕೊಟ್ಟಿದ್ದು ಎರಡೂವರೆ ವರ್ಷ ಮಾತ್ರ, ಅವನನ್ನು ಅವತ್ತೇ ಬಿಟ್ಟೂಬಿಟ್ಟರು. ಸತ್ತವರ ಮನೆಯವರು ಕೂತಿದ್ದ ಅದೇ ಕೋರ್ಟಿನಲ್ಲಿ, ಮೇಲಿನ ಗ್ಯಾಲರಿಯಿಂದ ನವ-ನಾಜಿಗಳು ಚಪ್ಪಾಳೆ ಹೊಡೆದರು.