ಈ ಸಲ ಒಂದು ಕೈ ಹಾಗೇ ಉಳೀತು ಮೇಡಂ

2025ರ ಅಕ್ಟೋಬರ್ ಆದ್ಮೇಲೆ ನಂಗೆ ಒಂದೇ ಥರದ್ದು ನಾಲ್ಕು ಫೋನ್ ಬಂದಿವೆ. ನಾಲ್ಕೂ ಮಕ್ಕಳೇ ಮಾಡಿದ್ದು, ದೂರೂ ಹೆಚ್ಚುಕಮ್ಮಿ ಒಂದೇ, ಅಪ್ಪಂಗೋ ಅಮ್ಮಂಗೋ ಕೋವಿಡ್ ಇಂಜೆಕ್ಷನ್ ವಿಷಯ ತಲೇಲಿ ಕೂತ್ಬಿಟ್ಟಿದೆ, ನೀವು ಸ್ವಲ್ಪ ಬುದ್ಧಿ ಹೇಳಿ ಅಂತ. ನಾನು ಇಂಗ್ಲೆಂಡಲ್ಲಿ ಕೌನ್ಸೆಲರ್, ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ ಅಂತ ಪ್ರತಿ ಸಲ ಹೇಳ್ತೀನಿ, ಯಾರೂ ಕೇಳಿಸ್ಕೊಳಲ್ಲ. ನಾಲ್ಕರಲ್ಲಿ ಒಂದು ಮಾತ್ರ ಇಲ್ಲಿ ಬರೀತಿದೀನಿ, ಯಾಕಂದ್ರೆ ಅದರಲ್ಲಿ ಮೊದಲು ಎಡವಿದ್ದು ನಾನೇ.

ಅವರನ್ನ ರಾಯರು ಅಂತ ಕರೀತೀನಿ. ನಿಜವಾದ ಹೆಸರಲ್ಲ, ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ, ಬರೆದಿದ್ದನ್ನ ಅವರಿಗೆ ಓದಿ ಹೇಳಿದ್ದೂ ಆಯ್ತು. "ಹಾಕಮ್ಮ ಪರವಾಗಿಲ್ಲ, ಆದ್ರೆ ನನ್ನ ಪಾಪದ ಮುದುಕನ್ನ ಮಾಡ್ಬೇಡ" ಅಂದ್ರು. ಎಪ್ಪತ್ತಮೂರು ವಯಸ್ಸು, ಮೈಸೂರು ಕಡೆಯೋರು, ಇಂಗ್ಲೆಂಡಿಗೆ ಬಂದು ನಲವತ್ತು ವರ್ಷದ ಮೇಲಾಯ್ತು, ಮಿಡ್‌ಲ್ಯಾಂಡ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡೋ ಫ್ಯಾಕ್ಟ್ರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದು ರಿಟೈರ್ ಆದೋರು. ಶುಗರ್ ಇದೆ, ಹೆಂಡತಿ ತೀರ್ಕೊಂಡಿದಾರೆ, ಒಬ್ಬಳೇ ಮಗಳು, ಮುಕ್ಕಾಲು ಗಂಟೆ ದೂರದಲ್ಲಿ ಇರೋದು.

ಊರಲ್ಲಿರೋರಿಗೆ ಈ ಜಗಳವೇ ವಿಚಿತ್ರ ಅನ್ಸುತ್ತೆ ಅಂತ ಗೊತ್ತು. ನಮ್ಮಲ್ಲಿ 2022ರ ಜನವರಿಯಲ್ಲಿ ಪ್ರಿಕಾಷನ್ ಡೋಸ್ ಶುರುವಾಯ್ತು, ಜುಲೈ 15ರಿಂದ ಎಪ್ಪತ್ತೈದು ದಿನ ದೊಡ್ಡೋರಿಗೆಲ್ಲ ಫ್ರೀ ಅಂದ್ರು, ಅದಾದ್ಮೇಲೆ ಹೆಚ್ಚಿನ ಮನೆಗಳಲ್ಲಿ ಆ ಮಾತೇ ಮುಗೀತು. ಇಲ್ಲಿ ಹಾಗಲ್ಲ, ಚಳಿಗಾಲ ಹತ್ರ ಬಂದ್ರೆ ಎನ್‌ಎಚ್‌ಎಸ್‌ನಿಂದ, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ, ವಯಸ್ಸಾದೋರಿಗೆ ಮೆಸೇಜ್ ಬರುತ್ತೆ, ಬನ್ನಿ ಫ್ಲೂ ಇಂಜೆಕ್ಷನ್ನೂ ಕೋವಿಡ್ ಬೂಸ್ಟರ್ರೂ ತಗೊಳ್ಳಿ ಅಂತ, ಎರಡನ್ನೂ ಒಂದೇ ದಿನ ಕೊಟ್ಬಿಡ್ತಾರೆ, ಒಂದು ಈ ಕೈಗೆ ಒಂದು ಆ ಕೈಗೆ. 2022ರ ಚಳಿಗಾಲಕ್ಕೆ ಐವತ್ತು ದಾಟಿದೋರಿಗೆಲ್ಲ ಕೊಟ್ರು, 2023ಕ್ಕೂ 2024ಕ್ಕೂ ಅರವತ್ತೈದು ಅಂದ್ರು, 2025ರ ಅಕ್ಟೋಬರ್‌ಗೆ ಇದ್ದಕ್ಕಿದ್ದಂಗೆ ಎಪ್ಪತ್ತೈದು ಆಯ್ತು. ಅದಕ್ಕಿಂತ ಚಿಕ್ಕೋರಿಗೆ ಬೇಕು ಅಂದ್ರೆ ವಯಸ್ಸಾದೋರ ಕೇರ್ ಹೋಮ್‌ನಲ್ಲಿರಬೇಕು, ಇಲ್ಲಾ ಕೀಮೋ, ಕಿಡ್ನಿ ಕಸಿ, ಈ ಥರ ರೋಗನಿರೋಧಕ ಶಕ್ತಿ ತೀರಾ ಕುಗ್ಗಿರೋ ಕಾರಣ ಇರಬೇಕು, ಶುಗರ್ ಒಂದೇ ಇದ್ರೆ ಸಾಲದು. ಫ್ಲೂದು ಮಾತ್ರ ಅರವತ್ತೈದಕ್ಕೇ ಉಳೀತು. ಹಾಗಾಗಿ ಗಂಡ ಎಪ್ಪತ್ತಾರು ಹೆಂಡತಿ ಎಪ್ಪತ್ತೆರಡು ಇರೋ ಮನೆಗಳಲ್ಲಿ ಒಬ್ಬರಿಗೆ ಉಂಟು ಒಬ್ಬರಿಗಿಲ್ಲ, ಇಬ್ಬರೂ ಒಂದೇ ಮಂಚದಲ್ಲಿ ಮಲಗೋದು, ಇದೇನು ಲೆಕ್ಕ ಅಂತ ನನ್ನನ್ನೇ ಕೇಳಿದೋರಿದಾರೆ.

ರಾಯರ ಮಗಳು ಹೇಳಿದ್ದು ಇಷ್ಟು. ಅಪ್ಪ ಅಕ್ಟೋಬರ್ ಮೊದಲ ವಾರ ಫಾರ್ಮಸಿಗೆ ಹೋಗಿ ಬಂದೋರು ಅವತ್ತಿಂದ ಮನೆ ಬಿಟ್ಟು ಆಚೆ ಬರ್ತಿಲ್ಲ, ಬೆಳಗಿನ ವಾಕಿಂಗ್ ಗುಂಪಿಗೆ ಹೋಗ್ತಿಲ್ಲ, ಕನ್ನಡ ಸಂಘದ ದೀಪಾವಳಿಗೂ ಬರ್ಲಿಲ್ಲ, ಶುಗರ್ ಮಾತ್ರೆ ತರೋ ಅಂಗಡೀನೂ ಬದಲಾಯಿಸು ಅಂತ ಹಠ ಮಾಡಿ ಬದಲಾಯಿಸಿಕೊಂಡ್ರು, ಅದರ ಮೇಲೆ ಪ್ರೈವೇಟಾಗಿ ದುಡ್ಡು ಕೊಟ್ಟು ಇಂಜೆಕ್ಷನ್ ತಗೋತೀನಿ ಅಂತಾರೆ, ಹತ್ರಹತ್ರ ನೂರು ಪೌಂಡು. "ಆರು ಸಲ ಚುಚ್ಚಿಸ್ಕೊಂಡಾಗಿದೆ ಆಂಟಿ, ಇನ್ನೆಷ್ಟು?" ಅಂದ್ಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಅವಳದ್ದು ಬೇರೆಯೇ ಕಥೆ, ಇಲ್ಲಿ ಬರೆಯಲ್ಲ.

ನಾನು ಇದನ್ನ ಕಾಯಿಲೆ ಭಯ ಅಂದ್ಕೊಂಡೆ. ಎರಡು ಸೆಷನ್ ಅದರಲ್ಲೇ ಕಳೆದೆ, ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ದಿನಕ್ಕೆ ಎಷ್ಟು ಸಲ ಕೋವಿಡ್ ಸುದ್ದಿ ನೋಡ್ತೀರಿ ಅಂತ ಬರೆದಿಡೋಕೆ ಹೇಳ್ದೆ. ಅವರು ನಿಷ್ಠೆಯಿಂದ ಕಾಲಂ ಹಾಕಿ ಬರೆದಿಟ್ರು, ದಿನಕ್ಕೊಂದೇ ಸಲ, ರಾತ್ರಿ ನ್ಯೂಸಲ್ಲಿ ಬಂದ್ರೆ. ಇಷ್ಟು ಕಮ್ಮಿ ಭಯ ಇರೋ ಮನುಷ್ಯನಿಗೆ ನಾನು ಭಯದ ಔಷಧಿ ಕೊಡ್ತಿದ್ದೆ.

ಎರಡನೇ ಸೆಷನ್ ಕೊನೆಯಲ್ಲಿ ಗೆರೆ ಯಾಕೆ ಎಪ್ಪತ್ತೈದಕ್ಕೆ ಹೋಯ್ತು ಅಂತಾನೂ ವಿವರಿಸಿದೆ. ಇಲ್ಲಿನ ಲಸಿಕೆ ಸಲಹಾ ಸಮಿತಿಯ ವಾದ ಏನಂದ್ರೆ ಈಗ ಹೆಚ್ಚಿನ ಜನಕ್ಕೆ ಇಂಜೆಕ್ಷನ್ನಿಂದಲೋ ಸೋಂಕು ಬಂದುಹೋಗಿಯೋ ಒಂದಷ್ಟು ರಕ್ಷಣೆ ಬಂದಿದೆ, ಆಸ್ಪತ್ರೆ ಸೇರೋ ಮಟ್ಟಿಗೆ ಜೋರಾಗೋದು ತೀರಾ ವಯಸ್ಸಾದೋರಿಗೆ ಮತ್ತೆ ಇಮ್ಯುನಿಟಿ ಕುಗ್ಗಿದೋರಿಗೆ, ಸರ್ಕಾರದ ದುಡ್ಡು ಅಲ್ಲಿ ಖರ್ಚಾದ್ರೆ ಲಾಭ ಜಾಸ್ತಿ. ಚೆನ್ನಾಗಿ ಹೇಳ್ದೆ ಅಂತ ಒಳಗೊಳಗೇ ಖುಷಿಯಾಗಿತ್ತು ನಂಗೆ. ರಾಯರು ಪೂರ್ತಿ ಕೇಳಿಸ್ಕೊಂಡು, "ಇದೆಲ್ಲ ನಂಗೊತ್ತು ಮೇಡಂ. ಮೂವತ್ತು ವರ್ಷ ಗೋ ನೋ-ಗೋ ಗೇಜ್ ಹಿಡ್ಕೊಂಡು ನಿಂತೋನು ನಾನು. ಅಳತೆ ನೋಡೋ ಗೇಜದು, ಗೋ ಕಡೆ ಹೋಗಿ ನೋ-ಗೋ ಕಡೆ ಹೋಗ್ಲಿಲ್ಲ ಅಂದ್ರೆ ಪಾಸು, ಇಲ್ಲಾಂದ್ರೆ ರಿಜೆಕ್ಟು. ಗೆರೆ ಎಲ್ಲೋ ಒಂದ್ಕಡೆ ಎಳೀಲೇಬೇಕಲ್ಲ, ಗೇಜ್ ಮೇಲೆ ಯಾರಾದ್ರೂ ಸಿಟ್ಟು ಮಾಡ್ಕೋತಾರಾ" ಅಂದ್ರು.

ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಗೆರೆ ಮೇಲೆ ಸಿಟ್ಟಿಲ್ಲ, ಕಾಯಿಲೆ ಬಗ್ಗೆ ಭಯ ಇಲ್ಲ, ಮತ್ತೆ ಯಾಕೆ ಮಾತ್ರೆ ತರೋ ಅಂಗಡಿ ಬದಲಾಯಿಸಿದ್ರು? ಅದೊಂದು ವಿಷಯ ಮಗಳು ಹೇಳಿದಾಗಲೇ ಹಿಡ್ಕೋಬೇಕಿತ್ತು.

ಮೂರನೇ ಸೆಷನ್‌ನಲ್ಲಿ ಅದನ್ನೇ ಕೇಳ್ದೆ, ಆ ಅಂಗಡೀಲಿ ಅವತ್ತು ಏನಾಯ್ತು, ಬಾಗಿಲು ತೆಗೆದು ಒಳಗೆ ಹೋದಲ್ಲಿಂದ ಹೇಳಿ ಅಂತ. ತುಂಬಾ ಹೊತ್ತು ಸುಮ್ನಿದ್ರು, ಆಮೇಲೆ ಒಂದೇ ಉಸಿರಲ್ಲಿ ಹೇಳಿದ್ರು. ಆನ್‌ಲೈನ್ ಬುಕಿಂಗ್‌ನಲ್ಲಿ ಇಮ್ಯುನಿಟಿ ಕಮ್ಮಿ ಇದೆಯಾ ಅಂತ ಕೇಳಿತ್ತಂತೆ, ಇವರು ಹೌದು ಅಂತ ಒತ್ತಿದ್ರಂತೆ, ಸುಳ್ಳು ಅಂತ ಗೊತ್ತಿದ್ದೇ ಒತ್ತಿದ್ರು. ಅಂಗಡೀಲಿ ಮೊಮ್ಮಗಳ ವಯಸ್ಸಿನ ಹುಡುಗಿ, ನಮ್ಮ ದೇಶದ ಕಡೆಯೋಳೇ, ಅಂಕಲ್ ನಿಮಗೆ ಯಾವ ಟ್ರೀಟ್‌ಮೆಂಟ್ ನಡೀತಿದೆ ಅಂದ್ಳು. ಇವರ ಬಾಯಿಂದ ಶುಗರ್ ಅಂತ ಬಂತು. ಅದು ಸಾಕಾಗಲ್ಲ ಅಂಕಲ್ ಅಂದ್ಳು. ಹಿಂದೆ ಐದಾರು ಜನ ಕ್ಯೂ. ವಾಕಿಂಗ್ ಗುಂಪಿನೋರೊಬ್ಬರು ಅದೇ ಕ್ಯೂನಲ್ಲಿ. ಅವಳು ಏನೂ ಜೋರಾಗಿ ಹೇಳ್ಲಿಲ್ಲ ಪಾಪ, ಫ್ಲೂದು ಹಾಕಿ ಒಂದು ಸಣ್ಣ ಅಂಟುಪಟ್ಟಿ ಅಂಟಿಸಿ ಕಳಿಸಿದ್ಳು.

"ಜೀವನದಲ್ಲಿ ಒಂದು ರಿಜೆಕ್ಟ್ ಪೀಸನ್ನ ಪಾಸ್ ಅಂತ ಕಳಿಸಿದೋನಲ್ಲ ನಾನು" ಅಂದ್ರು. ನಾನು ಅವಮಾನದ ಬಗ್ಗೆ ಏನೋ ಹೇಳೋಕೆ ಬಾಯಿ ತೆಗೀತಿದ್ದೆ, ಅಷ್ಟರಲ್ಲಿ ಅವರೇ, ತಮ್ಮ ಬಲಗೈ ನೋಡ್ಕೊಂಡು, "ಈ ಸಲ ಒಂದು ಕೈ ಹಾಗೇ ಉಳೀತು ಮೇಡಂ" ಅಂದ್ರು.

ನಾನು ಏನೂ ಮಾತಾಡ್ಲಿಲ್ಲ. ಈ ವೃತ್ತೀಲಿ ಇಷ್ಟು ವರ್ಷ ಇದ್ದು ಕಲಿತಿದ್ದು ಅದೊಂದೇ ಇರಬೇಕು.

ಹೆಂಡತಿ ಹೋಗಿದ್ದು 2021ರ ಜನವರಿ ಕೊನೆಗೆ, ಕೋವಿಡ್‌ನಿಂದ. ಇಲ್ಲಿ ಲಸಿಕೆ ಶುರುವಾಗಿದ್ದು 2020ರ ಡಿಸೆಂಬರ್ 8ಕ್ಕೆ, ಮೊದಲು ಎಂಬತ್ತು ದಾಟಿದೋರು, ಆಮೇಲೆ ಎಪ್ಪತ್ತೈದು, ಆಮೇಲೆ ಎಪ್ಪತ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳೀತಿತ್ತು, ಆಕೆಗೆ ಅರವತ್ತಾರು. ಆಸ್ಪತ್ರೆಗೆ ಇವರನ್ನ ಬಿಡ್ಲಿಲ್ಲ, ಅಂತ್ಯಕ್ರಿಯೆಗೆ ಮೂವತ್ತೇ ಜನ ಅಂತ ರೂಲು, ಮೈಸೂರಿನ ತಮ್ಮಂದಿರು ಝೂಮಲ್ಲಿ ನೋಡಿದ್ದು. ಫೆಬ್ರವರಿಯಲ್ಲಿ ಗೆರೆ ಅರವತ್ತೈದಕ್ಕೆ ಬಂತು, ಒಂದೇ ದಿನದ ಪೋಸ್ಟಲ್ಲಿ ಎರಡು ಲೆಟರ್ ಬಂತು, ಒಂದು ಇವರ ಹೆಸರಿಗೆ, ಒಂದು ಆಕೆ ಹೆಸರಿಗೆ. ನಿಮ್ಮ ಸರದಿ ಬಂದಿದೆ, ಬುಕ್ ಮಾಡ್ಕೊಳ್ಳಿ ಅಂತ. ಎರಡನೇ ಲೆಟರ್ ವಿಷಯ ಇವರು ಯಾರಿಗೂ ಹೇಳಿಲ್ಲ, ಮಗಳಿಗೂ ಇಲ್ಲ, ಇನ್ಶೂರೆನ್ಸ್ ಫೈಲಲ್ಲಿ ಇಟ್ಟಿದಾರೆ. 2022ರಲ್ಲಿ ಮೊದಲ ಸಲ ಎರಡೂ ಕೈಗೆ ಚುಚ್ಚಿಸ್ಕೊಂಡಾಗ ಎಡಗೈದು ನಂದು, ಬಲಗೈದು ಅವಳದ್ದು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ಕೊಂಡ್ರಂತೆ. ತಮಾಷೆಗೇ ಶುರು ಮಾಡಿದ್ದು. ಆಮೇಲೆ ಪ್ರತಿ ವರ್ಷ ಬಲಗೈದು ಅವಳಿಗೆ, ರಾತ್ರಿ ಆ ಕೈ ನೋವು ಬಂದ್ರೆ ಅದೂ ಒಂಥರ ಚೆನ್ನಾಗಿರೋದು ಅಂದ್ರು.

ಈಗ ಸಲಹೆ ವಿಷಯ. ಇದರ ಬಗ್ಗೆ ನನ್ನ ಜೊತೆಯೋರು ಇಬ್ಬರು ತಕರಾರು ತೆಗೆದಿದಾರೆ, ಆದ್ರಿಂದ ಬಿಡಿಸಿ ಹೇಳ್ತೀನಿ.

ನಾನು ಮೊದಲು ಹೇಳಿದ್ದು, ವೈದ್ಯಕೀಯ ಪ್ರಶ್ನೆ ನನ್ನ ಹತ್ರ ಇಡ್ಬೇಡಿ, ಇದೇ ವಾರ ನಿಮ್ಮ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್, ಕ್ಲಿನಿಕ್‌ನ ಶುಗರ್ ನರ್ಸ್ ಹತ್ರ ಮಾತಾಡಿ, ನಂಗೆ ದುಡ್ಡು ಕೊಟ್ಟು ತಗೊಂಡ್ರೆ ಉಪಯೋಗ ಇದೆಯಾ ಅಂತ ನೇರ ಕೇಳಿ. ಆಮೇಲೆ, ತಗೊಂಡ್ರೆ ನಿಮಗೋಸ್ಕರ ತಗೊಳ್ಳಿ, ಎಡಗೈಗೇ ಹಾಕಿಸ್ಕೊಳ್ಳಿ. ಆಕೆ ಲೆಟರ್‌ಗೆ ನೂರು ಪೌಂಡಲ್ಲಿ ಬಾಕಿ ತೀರ್ಸೋಕಾಗಲ್ಲ, ಮುಂದಿನ ವರ್ಷ ಮತ್ತೆ ಬಿಲ್ ಬರುತ್ತೆ. ಈ ಕೊನೇ ಮಾತು ಸ್ವಲ್ಪ ಒರಟಾಗಿತ್ತು, ಒಪ್ತೀನಿ. ಮೂರನೇದು, ಮಾತ್ರೆಗೆ ಅದೇ ಹಳೇ ಅಂಗಡಿಗೆ ವಾಪಸ್ ಹೋಗಿ. ನಾಲ್ಕನೇದು, ಆ ಲೆಟರನ್ನ ಮಗಳಿಗೆ ತೋರಿಸಿ, ನನಗಲ್ಲ.

ಜೊತೆಯೋರಲ್ಲಿ ಒಬ್ಬರು ಅಂದ್ರು, ಕೊಡೋ ಶಕ್ತಿ ಇದೆ ಅಂದ್ಮೇಲೆ ಸುಮ್ನೆ ತಗೊಳ್ಳಿ ಅಂತ ಹೇಳಿ ಕಳಿಸ್ಬೇಕಿತ್ತು, ಚಳಿಗಾಲದಲ್ಲಿ ಎಪ್ಪತ್ತಮೂರರ ಶುಗರ್ ಪೇಷೆಂಟನ್ನ ಯೋಚ್ನೆ ಮಾಡಿ ಅಂತ ಕೂರ್ಸಿದ್ದು ತಪ್ಪು ಅಂತ. ನಾನು ತಿಂಗಳುಗಟ್ಟಲೆ ಕೂರ್ಸಿಲ್ಲ, ಒಂದು ವಾರ, ಅದೂ ನರ್ಸ್ ಹತ್ರ ಕಳಿಸಿ. ಇನ್ನೊಬ್ಬರು ಅಂದ್ರು, ಬಲಗೈ ಅವಳದ್ದು ಅನ್ನೋದು ಎಷ್ಟು ಮುದ್ದಾದ ನೆನಪು, ಅದನ್ನ ಯಾಕೆ ಕಿತ್ಕೊಂಡ್ರಿ ಅಂತ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಆದ್ರೆ ನೋಡಿ, ಆ ಮುದ್ದಾದ ನೆನಪೇ ಒಬ್ಬ ಸುಳ್ಳು ಹೇಳದ ಮನುಷ್ಯನ ಕೈಲಿ ಸುಳ್ಳು ಬಟನ್ ಒತ್ತಿಸ್ತು. ಸರ್ಕಾರ ಯಾವತ್ತು ಬೇಕಾದ್ರೂ ಅತ್ತಿತ್ತ ಸರಿಸೋ ಗೆರೆ ಮೇಲೆ ಹೆಂಡತಿ ನೆನಪನ್ನ ಇಟ್ರೆ ಅದು ಪ್ರತಿ ಅಕ್ಟೋಬರ್‌ಗೂ ಅಲ್ಲಾಡ್ತಾ ಇರುತ್ತೆ. ನಮ್ಮಲ್ಲಿ ತಿಥಿ ಇದೆ, ಅದಕ್ಕೆ ಯಾವ ವಯಸ್ಸಿನ ಮಿತೀನೂ ಇಲ್ಲ, ಬುಕಿಂಗೂ ಬೇಡ. ಅವರು ಪ್ರತಿ ವರ್ಷ ಮಾಡ್ತಾರೆ ಕೂಡ, ಮೈಸೂರಿನ ಪುರೋಹಿತರು ವಿಡಿಯೋ ಕಾಲಲ್ಲಿ ಮಂತ್ರ ಹೇಳ್ತಾರೆ. ಅಳು ಮಾತ್ರ ಅಲ್ಲಿ ಬರಲ್ಲ, ಫಾರ್ಮಸಿ ಕುರ್ಚಿ ಮೇಲೆ ಬರುತ್ತೆ ಅಂತ ಅವರೇ ಅಂದ್ರು.

ಇದನ್ನ ಓದ್ತಿರೋ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಇಂಜೆಕ್ಷನ್ ಬೇಕೇ ಬೇಕು ಅಂತ ಹಠ ಮಾಡಿದ್ರೂ, ಬೇಡವೇ ಬೇಡ ಅಂದ್ರೂ, ನೀವು ತಕ್ಷಣ ವಾದಕ್ಕೆ ಇಳೀತೀರಿ, ಲಿಂಕ್ ಕಳಿಸ್ತೀರಿ. 2024ರಲ್ಲಿ ಆಸ್ಟ್ರಾಝೆನೆಕಾ ಕಂಪನಿ ಕೋರ್ಟಲ್ಲಿ ತುಂಬಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ ಒಪ್ಕೊಂಡಿದ್ದು ಸುದ್ದಿಯಾದಾಗ ರಾಯರ ತಮ್ಮನೂ ಹೀಗೇ ಇಪ್ಪತ್ತು ಫಾರ್ವರ್ಡ್ ಕಳಿಸಿದ್ರಂತೆ, ಅಣ್ಣ ನೀನು ತಗೊಂಡಿದ್ದೂ ನಾವು ತಗೊಂಡ ಕೋವಿಶೀಲ್ಡೂ ಒಂದೇ ಅಂತ. ಅದು ನಿಜವೇ, ಇವರ ಮೊದಲ ಎರಡು ಡೋಸ್ ಅದೇ, ಆಮೇಲಿನ ಬೂಸ್ಟರ್‌ಗಳು ಬೇರೆ ಥರದ್ದು. ಆದ್ರೆ ಇವರು ಅದನ್ನ ಓದಿ ಬೆಳಗಿನ ಕಾಫಿ ಕುಡಿದು ಎದ್ದು ಹೋದ್ರಂತೆ, ಅಷ್ಟೇ. ಮಾಹಿತಿ ಕೊಟ್ಟು ಗೆಲ್ಲೋಕೆ ನೋಡೋದಕ್ಕಿಂತ, ಹೋದ ಸಲ ಹಾಕಿಸ್ಕೊಳೋಕೆ ಹೋದಾಗ ಯಾರ ಜೊತೆ ಹೋಗಿದ್ರಿ, ಅಲ್ಲಿ ಏನಾಯ್ತು ಅಂತ ಒಂದ್ಸಲ ಕೇಳಿ ನೋಡಿ. ನಾನೇ ಮೂರನೇ ಸೆಷನ್ ತನಕ ಕೇಳಿರ್ಲಿಲ್ಲ, ಇನ್ನು ನಿಮ್ಮನ್ನ ಏನಂತ ಬೈಯಲಿ.

ನರ್ಸ್ ಹತ್ರ ಮಾತಾಡಿದ್ರು. ತಗೊಂಡ್ರೆ ಸ್ವಲ್ಪ ಹೆಚ್ಚಿನ ರಕ್ಷಣೆ, ತಗೊಳ್ದಿದ್ರೂ ಗಾಬರಿ ಬೀಳೋಂಥದ್ದಿಲ್ಲ, ನಿರ್ಧಾರ ನಿಮ್ಮದು ಅಂದಳಂತೆ. ಆ ವಾರಾನೇ ದುಡ್ಡು ಕೊಟ್ಟು ತಗೊಂಡ್ರು. ಯಾವ ಕೈಗೆ ಅಂತ ನಾನು ಕೇಳ್ಲಿಲ್ಲ. ಲೆಟರ್ ಇನ್ನೂ ಮಗಳಿಗೆ ತೋರಿಸಿಲ್ಲ, ತಿಥಿ ದಿನ ಅವಳು ಬಂದಾಗ ಫೈಲ್ ತೆಗೆದ್ರಂತೆ, ಮತ್ತೆ ಒಳಗಿಟ್ರಂತೆ. ನಾನು ಆತುರ ಮಾಡಿಲ್ಲ.

ಹಳೇ ಅಂಗಡಿಗೆ ಮಾತ್ರ ಹೋದ್ರು. ಮೊದಲ ಸಲ ಬಾಗಿಲ ತನಕ ಹೋಗಿ ವಾಪಸ್ ಬಂದ್ರು, ಎರಡನೇ ಸಲ ಒಳಗೆ ಹೋಗಿ ಹಲ್ಲಿನ ಪೇಸ್ಟ್ ತಗೊಂಡು ಬಂದ್ರು. ಮೂರನೇ ಸಲ ಧೈರ್ಯ ಮಾಡಿ ಕೌಂಟರ್‌ಗೆ ಹೋಗಿ ಆ ಹುಡುಗಿ ಎಲ್ಲಿ ಅಂತ ಕೇಳಿದ್ರಂತೆ, ಅವಳು ಬೇರೆ ಬ್ರಾಂಚ್‌ಗೆ ಹೋಗಿ ತಿಂಗಳಾಯ್ತು ಅಂದ್ರಂತೆ ಅಲ್ಲಿದ್ದೋರು.

"ಸಾರಿ ಹೇಳೋಣ ಅಂತ ಹೋದ್ರೆ ಅವಳೇ ಇಲ್ಲ ಕಣಮ್ಮ" ಅಂತ ಫೋನಲ್ಲಿ ನಕ್ಕರು, ನಗು ಮುಗಿದ ಮೇಲೂ ಲೈನಲ್ಲೇ ಇದ್ರು ಸ್ವಲ್ಪ ಹೊತ್ತು. ಆಮೇಲೆ, ಮಾತ್ರೆ ಅಲ್ಲೇ ತಗೊಂಡೆ, ನಾಳೆ ವಾಕಿಂಗ್‌ಗೆ ಮಳೆ ಬರುತ್ತಾ ನೋಡು ಅಂದ್ರು.