ಸುನಾಮಿ: ವಾಚ್ಯಾರ್ಥ ಮತ್ತು ಲಾಕ್ಷಣಿಕ ಬಳಕೆ

ಸುನಾಮಿ ಎಂದರೆ ಬರೀ ದೊಡ್ಡ ಅಲೆಯೇ, ‘ದೂರುಗಳ ಸುನಾಮಿ’ ಎಂದು ಬರೆಯುವುದು ಸರಿಯೇ ಎಂದು ತಾವು ಕೇಳಿದ್ದೀರಿ.

ಈ ಪದ ಜಪಾನೀ ಭಾಷೆಯದು. ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಬಂದರಿನ ಅಲೆ ಎಂಬ ಈ ಹೆಸರು ಬಹಳ ಸಾರ್ಥಕವಾದುದು, ಏಕೆಂದರೆ ನಡುಗಡಲಿನಲ್ಲಿ ಅದರ ಎತ್ತರ ಸಾಮಾನ್ಯವಾಗಿ ಒಂದು ಮೀಟರನ್ನೂ ಮುಟ್ಟದೆ ಹಡಗಿನವರ ಗಮನಕ್ಕೇ ಬಾರದಿರಬಹುದು; ಅದರ ಅಬ್ಬರ ಕಾಣುವುದು ದಡದಲ್ಲಿ, ಬಂದರಿನಲ್ಲಿ. ಗಾಳಿಯಿಂದ ಏಳುವ ಅಲೆ ಕಡಲಿನ ಮೇಲ್ಪದರವನ್ನಷ್ಟೇ ಕದಡಿದರೆ, ಸಮುದ್ರತಳದ ಭೂಕಂಪ, ಭೂಕುಸಿತ ಅಥವಾ ಜ್ವಾಲಾಮುಖಿಯಿಂದ ಹುಟ್ಟುವ ಸುನಾಮಿಯಲ್ಲಿ ತಳದಿಂದ ಮೇಲಿನವರೆಗಿನ ನೀರೆಲ್ಲ ಚಲಿಸುತ್ತದೆ. 4,000 ಮೀಟರ್ ಆಳವಿರುವ ಕಡಲಿನಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಸಾಗುವ ಅದು ದಡ ಸಮೀಪಿಸಿದಂತೆ ವೇಗ ಕಳೆದುಕೊಂಡು ಎತ್ತರ ಪಡೆಯುತ್ತದೆ. ಉಬ್ಬರವಿಳಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲ ಅಲೆಯೇ ದೊಡ್ಡದಾಗಿರಬೇಕೆಂಬ ನಿಯಮವೂ ಇಲ್ಲ. ಗಂಟೆಗಟ್ಟಲೆ ಒಂದರ ಹಿಂದೊಂದು ಬರಬಹುದು.

ಲಾಕ್ಷಣಿಕ ಅರ್ಥದಲ್ಲಿ ಈ ಪದ ಹಠಾತ್ತನೆ, ತಡೆಯಲಾಗದಂತೆ ಮೇಲೆರಗುವ ಯಾವುದೇ ಪ್ರಮಾಣಾತೀತ ಪ್ರವಾಹವನ್ನು ಸೂಚಿಸುತ್ತದೆ. ದೂರದಲ್ಲೆಲ್ಲೋ ಕಣ್ಣಿಗೆ ಬೀಳದೆ ಬೆಳೆದ ಕಾರಣವೊಂದು ಒಮ್ಮೆಲೇ ಇಲ್ಲಿ ಪರಿಣಾಮವಾಗಿ ಎದ್ದು ನಿಂತಾಗ ಹೋಲಿಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಕಚೇರಿಯನ್ನು ಮುಳುಗಿಸುವಷ್ಟು ಬಂದ ದೂರುಗಳಿಗೆ ತಮ್ಮ ಪ್ರಯೋಗ ಸಲ್ಲುತ್ತದೆ. ವರ್ಷಗಳ ಕಾಲ ಮೆಲ್ಲನೆ ಏರಿದ ಸಂಖ್ಯೆಗೆ ಸಲ್ಲದು, ಅಲ್ಲಿ ‘ಹೆಚ್ಚಳ’ ಎಂದರೆ ಸಾಕು. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ದುಃಖವನ್ನು ಹೊತ್ತ ಓದುಗರೂ ಇರುವುದರಿಂದ, ‘ರಿಯಾಯಿತಿಗಳ ಸುನಾಮಿ’ಯಂತಹ ಹಗುರ ಪ್ರಯೋಗಗಳನ್ನು ಕೈಬಿಡುವುದೇ ಉಚಿತವೆಂದು ನಾನು ಭಾವಿಸುತ್ತೇನೆ.